ಯುರೋಪಿನ ದೊಡ್ಡ ಮಳಿಗೆ ಸರಪಳಿಗಳು: ಎಷ್ಟು ದೊಡ್ಡವು, ಎಲ್ಲಿ ದೊಡ್ಡವು?

ಪ್ರಶ್ನೆ: ನಾನು ವಾಣಿಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಚಿಲ್ಲರೆ ವ್ಯಾಪಾರದ ಬಗ್ಗೆ ಓದುವಾಗ ವಾಲ್‌ಮಾರ್ಟ್ ಮತ್ತು ಅಮೆಜಾನ್ ಹೆಸರುಗಳೇ ಎಲ್ಲೆಡೆ ಕಾಣುತ್ತವೆ. ಯುರೋಪಿನ ಅತಿ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಗಳು ಯಾವುವು? ಜಾಗತಿಕ ಪಟ್ಟಿಯಲ್ಲಿ ಅವುಗಳ ಸ್ಥಾನವೇನು? ಫ್ರಾನ್ಸಿನ ಕಾರ್ಫೂರ್ 2014ರಲ್ಲೂ ಜರ್ಮನಿಯ ಮೆಟ್ರೊ 2023ರಲ್ಲೂ ಭಾರತದ ಮಳಿಗೆಗಳನ್ನು ಬಿಟ್ಟುಹೋದವು. ಟೆಸ್ಕೊ ಏಷ್ಯಾದ ಬಹುತೇಕ ದೇಶಗಳಿಂದ ಹಿಂದೆ ಸರಿದಿದೆ. ಇದರಿಂದ ಯುರೋಪಿನ ಸಂಸ್ಥೆಗಳು ಕುಗ್ಗುತ್ತಿವೆ ಎಂದು ತಿಳಿಯಬೇಕೆ?

ಉತ್ತರ: ಮೊದಲು ನೇರವಾದ ಉತ್ತರವನ್ನು ಕೊಡುತ್ತೇನೆ. ಯುರೋಪಿನ ಅತಿ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆ ಜರ್ಮನಿಯ ಶ್ವಾರ್ಟ್ಸ್ ಸಮೂಹ. ಈ ಹೆಸರಿನ ಬೋರ್ಡು ಯಾವ ಮಳಿಗೆಯ ಮೇಲೂ ಇಲ್ಲದಿರುವುದರಿಂದ ಯುರೋಪಿನಲ್ಲೇ ಎಷ್ಟೋ ಜನರಿಗೆ ಅದರ ಪರಿಚಯವಿಲ್ಲ. ಜನ ಬಲ್ಲದ್ದು ಅದರ ಎರಡು ಸರಪಳಿಗಳಾದ ಲಿಡ್ಲ್ ಮತ್ತು ಕೌಫ್‌ಲಾಂಡ್ ಹೆಸರುಗಳನ್ನು. ಫೆಬ್ರುವರಿ 2025ಕ್ಕೆ ಮುಗಿದ ಆರ್ಥಿಕ ವರ್ಷದಲ್ಲಿ ಈ ಸಮೂಹದ ವಹಿವಾಟು 17,540 ಕೋಟಿ ಯೂರೊ. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 16 ಲಕ್ಷ ಕೋಟಿ ರೂಪಾಯಿ, ಅಂದರೆ ಕರ್ನಾಟಕ ಸರ್ಕಾರದ 2025-26ರ ಬಜೆಟ್‌ನ ಹತ್ತಿರ ಹತ್ತಿರ ನಾಲ್ಕು ಪಟ್ಟು. ಜಗತ್ತಿನ ಚಿಲ್ಲರೆ ವ್ಯಾಪಾರದ ಪಟ್ಟಿಗಳಲ್ಲಿ ವಾಲ್‌ಮಾರ್ಟ್, ಅಮೆಜಾನ್ ಮತ್ತು ಕಾಸ್ಟ್‌ಕೊ ಎಂಬ ಮೂರು ಅಮೆರಿಕನ್ ಕಂಪನಿಗಳ ನಂತರ ನಾಲ್ಕನೆಯ ಸ್ಥಾನದಲ್ಲಿ ಕಾಣುವುದು ಇದೇ. ಆದರೂ ಮೊದಲ ಸ್ಥಾನಕ್ಕೂ ಇದಕ್ಕೂ ಇರುವ ಅಂತರ ಬಹಳ ದೊಡ್ಡದು. ಜನವರಿ 2025ಕ್ಕೆ ಮುಗಿದ ವರ್ಷದಲ್ಲಿ ವಾಲ್‌ಮಾರ್ಟ್‌ನ ವಹಿವಾಟು ಸುಮಾರು 68,100 ಕೋಟಿ ಡಾಲರ್‌ಗಳಷ್ಟಿತ್ತು.

ಶ್ವಾರ್ಟ್ಸ್ ನಂತರದ ಸ್ಥಾನ ಆಲ್ಡಿಯದು. ಅದು ಒಂದೇ ಕಂಪನಿಯಾಗಿಲ್ಲ, ಎರಡು ಪ್ರತ್ಯೇಕ ಸಮೂಹಗಳಾಗಿದೆ, ಮತ್ತು ಎರಡರ ಲೆಕ್ಕವನ್ನೂ ಒಟ್ಟುಗೂಡಿಸಿ ಪ್ರಕಟಿಸುವ ಪದ್ಧತಿ ಅಲ್ಲಿಲ್ಲ. ಅಂದಾಜು ಮಾಡುವವರು ಎರಡನ್ನೂ ಸೇರಿಸಿದಾಗ ಮೊತ್ತ 10,000 ಕೋಟಿ ಯೂರೊ ದಾಟುತ್ತದೆ. ಅದರ ಹಿಂದೆಯೇ ಜರ್ಮನಿಯ ರೇವೆ, ಫ್ರಾನ್ಸಿನ ಕಾರ್ಫೂರ್, ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಮೂಲದ ಅಹೋಲ್ಡ್ ಡೆಲೇಝ್, ಬ್ರಿಟನ್ನಿನ ಟೆಸ್ಕೊ ಹಾಗೂ ಜರ್ಮನಿಯ ಎಡೇಕಾ ಒಂದಕ್ಕೊಂದು ತೀರಾ ಸಮೀಪದಲ್ಲಿ ನಿಂತಿವೆ. 2024ರಲ್ಲಿ ಕಾರ್ಫೂರ್ ತೋರಿಸಿದ ಮಾರಾಟ 9,460 ಕೋಟಿ ಯೂರೊ, ಅಹೋಲ್ಡ್ ಡೆಲೇಝ್ ತೋರಿಸಿದ್ದು 8,940 ಕೋಟಿ ಯೂರೊ. ಫೆಬ್ರುವರಿ 2025ಕ್ಕೆ ಮುಗಿದ ವರ್ಷದಲ್ಲಿ ಟೆಸ್ಕೊದ ಆದಾಯ ಸುಮಾರು 6,990 ಕೋಟಿ ಪೌಂಡ್.

ಈ ನಡುವಿನ ಸ್ಥಾನಗಳನ್ನು ಒಂದು, ಎರಡು, ಮೂರು ಎಂದು ಬಾಯಿಪಾಠ ಮಾಡಿಕೊಳ್ಳಬೇಡಿ ಎಂದು ವಿನಂತಿಸುತ್ತೇನೆ. ಕಾರ್ಫೂರ್‌ನ ಮೇಲಿನ ಅಂಕಿಯಲ್ಲಿ ಗ್ರಾಹಕರು ಕೊಟ್ಟ ಮೌಲ್ಯವರ್ಧಿತ ತೆರಿಗೆಯೂ ಸೇರಿದೆ, ಅಹೋಲ್ಡ್ ಡೆಲೇಝ್‌ನ ಅಂಕಿಯಲ್ಲಿ ಸೇರಿಲ್ಲ. ಟೆಸ್ಕೊದ ಲೆಕ್ಕದಲ್ಲಿ ಪೆಟ್ರೋಲ್ ಬಂಕ್‌ಗಳ ಮಾರಾಟವಿದೆ, ರೇವೆಯ ಒಟ್ಟು ಲೆಕ್ಕದಲ್ಲಿ ಪ್ರವಾಸ ಉದ್ಯಮದ ಆದಾಯವಿದೆ. ರೇವೆ, ಎಡೇಕಾ ಮತ್ತು ಫ್ರಾನ್ಸಿನ ಲೆಕ್ಲೇರ್‌ಗಳಂತೂ ಸ್ವತಂತ್ರ ವರ್ತಕರು ಕೂಡಿ ಕಟ್ಟಿಕೊಂಡ ಸಹಕಾರಿ ಸ್ವರೂಪದ ಸಂಸ್ಥೆಗಳು. ಅಲ್ಲಿ ಎಷ್ಟೋ ಮಳಿಗೆಗಳ ಒಡೆತನ ಆಯಾ ಊರಿನ ವ್ಯಾಪಾರಿಯದೇ ಆಗಿರುತ್ತದೆ, ಕೊಳ್ಳುವಿಕೆ ಮಾತ್ರ ಒಟ್ಟಾಗಿ ನಡೆಯುತ್ತದೆ. ಬೆಂಗಳೂರಿನವರಿಗೆ ಪರಿಚಿತವಾದ ಸ್ಪಾರ್ ಇನ್ನೂ ಬೇರೆ ಬಗೆಯದು. 1932ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಆ ಹೆಸರನ್ನು ಹತ್ತಾರು ದೇಶಗಳಲ್ಲಿ ಬೇರೆ ಬೇರೆ ಮಾಲೀಕರು ಪರವಾನಗಿ ಪಡೆದು ಬಳಸುತ್ತಾರೆ. ನಮ್ಮಲ್ಲಿ ಅದನ್ನು ನಡೆಸುವುದು ದುಬೈ ಮೂಲದ ಲ್ಯಾಂಡ್‌ಮಾರ್ಕ್ ಸಮೂಹದ ಕಂಪನಿ. ಆದ್ದರಿಂದ ಪಟ್ಟಿಯೊಂದು ಕೈಗೆ ಬಂದಾಗ, ಅದು ಏನನ್ನು ಎಣಿಸಿದೆ ಎಂಬುದನ್ನು ಮೊದಲು ನೋಡಬೇಕು.

ನಿಮ್ಮ ಕೊನೆಯ ಪ್ರಶ್ನೆ ಹೆಚ್ಚು ಮುಖ್ಯವಾದದ್ದು, ಈ ಉತ್ತರದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಡುತ್ತೇನೆ. ಒಂದು ಸರಪಳಿ ಎಷ್ಟು ದೇಶಗಳಲ್ಲಿ ಬಾವುಟ ನೆಟ್ಟಿದೆ ಎಂಬುದರಿಂದ ಅದರ ಬಲವನ್ನು ಅಳೆಯಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. ದಿನಸಿ ವ್ಯಾಪಾರದಲ್ಲಿ ಬಲ ಬರುವುದು ಒಂದು ಪ್ರದೇಶದಲ್ಲಿ ಎಷ್ಟು ದಟ್ಟವಾಗಿ ಮಳಿಗೆಗಳಿವೆ, ಒಂದೊಂದು ಸರಕನ್ನೂ ಎಷ್ಟು ದೊಡ್ಡ ಪ್ರಮಾಣದಲ್ಲಿ ಕೊಳ್ಳಲು ಸಾಧ್ಯ ಎಂಬ ಎರಡು ಸಂಗತಿಗಳಿಂದ. ಯುರೋಪಿನಲ್ಲಿ ಏರಿದ ಸಂಸ್ಥೆಗಳೂ ಇಳಿದ ಸಂಸ್ಥೆಗಳೂ ಈ ಮಾತಿಗೆ ಸಾಕ್ಷಿಯಾಗಿವೆ.

ಇದಕ್ಕೆ ಸರಳವಾದ ಲೆಕ್ಕವೊಂದನ್ನು ಮಾಡಿ ನೋಡಿ. ತಲಾ 10,000 ಕೋಟಿ ಯೂರೊ ವಹಿವಾಟಿನ ಎರಡು ಸರಪಳಿಗಳಿವೆ ಎಂದುಕೊಳ್ಳಿ. ಮೊದಲನೆಯದರ ಮಳಿಗೆಯಲ್ಲಿ 2,000 ಬಗೆಯ ಸರಕುಗಳಿದ್ದರೆ, ಸರಾಸರಿ ಒಂದೊಂದು ಸರಕಿನ ಮಾರಾಟ 5 ಕೋಟಿ ಯೂರೊ ಆಗುತ್ತದೆ. ಎರಡನೆಯದರಲ್ಲಿ 30,000 ಬಗೆಯ ಸರಕುಗಳಿದ್ದರೆ ಅದು 33 ಲಕ್ಷ ಯೂರೊಗೆ ಇಳಿಯುತ್ತದೆ. ವಹಿವಾಟು ಒಂದೇ ಆದರೂ, ಟೊಮೆಟೊ ಸಾಸ್ ತಯಾರಿಸುವ ಕಾರ್ಖಾನೆಯ ಮುಂದೆ ಕುಳಿತು ದರ ಚೌಕಾಸಿ ಮಾಡುವಾಗ ಮೊದಲನೆಯವನ ಮಾತಿಗೆ ಹದಿನೈದು ಪಟ್ಟು ತೂಕವಿರುತ್ತದೆ. ಆಲ್ಡಿ ಮತ್ತು ಲಿಡ್ಲ್ ಬೆಳೆದದ್ದು ಈ ಲೆಕ್ಕದ ಮೇಲೆ. ಆಲ್ಡಿಯ ಮಳಿಗೆಯಲ್ಲಿ ಇಂದಿಗೂ ಎರಡು ಸಾವಿರದ ಆಸುಪಾಸಿನಷ್ಟೇ ನಿತ್ಯದ ಸರಕುಗಳಿರುತ್ತವೆ, ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಆ ಸಂಖ್ಯೆ ಹತ್ತಾರು ಸಾವಿರ. ಇದ್ದ ಸರಕುಗಳಲ್ಲೂ ಬಹುಪಾಲು ಸರಪಳಿಯ ಸ್ವಂತ ಬ್ರಾಂಡಿನವು. ಹಾಗಾಗಿ ತಯಾರಕನ ಜಾಹೀರಾತಿನ ಖರ್ಚು ಗ್ರಾಹಕನ ಬಿಲ್ಲಿಗೆ ಸೇರುವುದಿಲ್ಲ.

ಮಳಿಗೆಯ ಒಳಗಿನ ಕೆಲಸದಲ್ಲೂ ಇದೇ ಮಿತವ್ಯಯವನ್ನು ಕಾಣಬಹುದು, ಮತ್ತು ವಿದ್ಯಾರ್ಥಿಗಳು ಇದನ್ನು ಸೂಕ್ಷ್ಮವಾಗಿ ಗಮನಿಸಬೇಕೆಂದು ನನ್ನ ಆಸೆ. ಹಿಟ್ಟು, ಸಕ್ಕರೆ, ಹಾಲಿನ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿ ಜೋಡಿಸುವುದಿಲ್ಲ. ಕಾರ್ಖಾನೆಯಿಂದ ಬಂದ ರಟ್ಟಿನ ಪೆಟ್ಟಿಗೆಯ ಮುಂಭಾಗವನ್ನು ಹರಿದು, ಪೆಟ್ಟಿಗೆ ಸಮೇತ ಇಡುತ್ತಾರೆ. ಬೇಗ ಖರ್ಚಾಗುವ ಸರಕಾದರೆ ಪ್ಯಾಲೆಟ್ ಎಂಬ ಸಾಗಣೆಯ ಹಲಗೆಯ ಮೇಲಿಂದ ಇಳಿಸುವುದೂ ಇಲ್ಲ. ಪೊಟ್ಟಣದ ಹಲವು ಮಗ್ಗುಲುಗಳಲ್ಲಿ ಬಾರ್‌ಕೋಡನ್ನು ದೊಡ್ಡದಾಗಿ ಅಚ್ಚು ಮಾಡಿರುವುದರಿಂದ, ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತವರು ಅದನ್ನು ಹುಡುಕುತ್ತಾ ಪೊಟ್ಟಣವನ್ನು ತಿರುಗಿಸಬೇಕಾಗಿಲ್ಲ, ಹೇಗೆ ಸರಿಸಿದರೂ ಯಂತ್ರ ಓದಿಕೊಳ್ಳುತ್ತದೆ. ಸಾಮಾನನ್ನು ಚೀಲಕ್ಕೆ ತುಂಬಿಕೊಳ್ಳುವುದು ಗ್ರಾಹಕರ ಕೆಲಸ. ಅದಕ್ಕೆಂದು ಗೋಡೆಯ ಬದಿಯಲ್ಲಿ ಪ್ರತ್ಯೇಕ ಕಟ್ಟೆಯಿರುತ್ತದೆ. ತಳ್ಳುಗಾಡಿಯ ಸರಪಳಿ ಬಿಚ್ಚಲು ನಾಣ್ಯ ಹಾಕಬೇಕು, ಗಾಡಿಯನ್ನು ಮರಳಿ ಸಾಲಿಗೆ ಸೇರಿಸಿದಾಗ ನಾಣ್ಯ ವಾಪಸ್ಸು ಸಿಗುತ್ತದೆ. ಹಾಗಾಗಿ ಗಾಡಿಗಳನ್ನು ಒಟ್ಟುಗೂಡಿಸಲು ಆಳು ಬೇಕಾಗುವುದಿಲ್ಲ. ಇವುಗಳಲ್ಲಿ ಒಂದೊಂದರಿಂದಲೂ ಉಳಿಯುವುದು ಕೆಲವು ಸೆಕೆಂಡುಗಳು ಮಾತ್ರ. ಆದರೆ ಲಿಡ್ಲ್‌ಗೆ 31 ದೇಶಗಳಲ್ಲಿ 12,000ಕ್ಕೂ ಹೆಚ್ಚು ಮಳಿಗೆಗಳಿರುವಾಗ, ಆ ಸೆಕೆಂಡುಗಳೆಲ್ಲ ಕೂಡಿ ಲಾಭದ ಗಣನೀಯ ಪಾಲಾಗುತ್ತವೆ.

ಈ ಪದ್ಧತಿಯನ್ನು ಮೊದಲು ರೂಢಿಸಿದವರು ಆಲ್ಡಿಯ ಆಲ್ಬ್ರೆಕ್ಟ್ ಸಹೋದರರು. ಜರ್ಮನಿಯ ಎಸ್ಸೆನ್ ನಗರದಲ್ಲಿ 1913ರಲ್ಲಿ ತಾಯಿ ಆನ್ನಾ ಆಲ್ಬ್ರೆಕ್ಟ್ ತೆರೆದಿದ್ದ ಸಣ್ಣ ಅಂಗಡಿಯನ್ನು ಕಾರ್ಲ್ ಮತ್ತು ಥಿಯೊ ಎರಡನೇ ಮಹಾಯುದ್ಧದ ನಂತರ, 1946ರಲ್ಲಿ ವಹಿಸಿಕೊಂಡರು. ಯುದ್ಧದಿಂದ ಬಸವಳಿದ ಊರಿನಲ್ಲಿ ಜನರಿಗೆ ಬೇಕಾಗಿದ್ದುದು ಕೆಲವೇ ಪದಾರ್ಥಗಳು, ಆದರೆ ಕಡಿಮೆ ಬೆಲೆಗೆ. ಬಂಡವಾಳದ ಕೊರತೆಯಿಂದ ಶುರುವಾದ ಆ ಮಿತವಾದ ದಾಸ್ತಾನನ್ನೇ ಸಹೋದರರು ಮುಂದೆ ನೀತಿಯನ್ನಾಗಿ ಮಾಡಿಕೊಂಡರು. 1960ರ ದಶಕದ ಆರಂಭದಲ್ಲಿ ಇಬ್ಬರೂ ಬೇರೆಯಾಗಿ ದೇಶವನ್ನು ಉತ್ತರ ಮತ್ತು ದಕ್ಷಿಣ ಎಂದು ಹಂಚಿಕೊಂಡರು. ಸಿಗರೇಟು ಮಾರಬೇಕೆ ಬೇಡವೆ ಎಂಬ ಭಿನ್ನಾಭಿಪ್ರಾಯ ಅದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹೈಲ್‌ಬ್ರಾನ್ ನಗರದ ಡೀಟರ್ ಶ್ವಾರ್ಟ್ಸ್ ಅದೇ ಮಾದರಿಯನ್ನು ಹಿಡಿದು 1973ರಲ್ಲಿ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಮೊದಲ ಲಿಡ್ಲ್ ಮಳಿಗೆಯನ್ನು ತೆರೆದರು. ಆಲ್ಡಿಗಿಂತ ತುಸು ಹೆಚ್ಚು ಬಗೆಯ ಸರಕು, ಜೊತೆಗೆ ಹೆಸರಾಂತ ಬ್ರಾಂಡ್‌ಗಳು, ಮುಂದಿನ ದಶಕಗಳಲ್ಲಿ ಮಳಿಗೆಯೊಳಗೇ ಬಿಸಿ ಬ್ರೆಡ್ಡು: ಹೀಗೆ ಸಣ್ಣ ವ್ಯತ್ಯಾಸಗಳನ್ನು ಮಾಡಿಕೊಳ್ಳುತ್ತಾ ಬಂದ ಶಿಷ್ಯ ಇಂದು ಗುರುವನ್ನು ಮೀರಿಸಿದ್ದಾನೆ.

ಎರಡೂ ಸಂಸ್ಥೆಗಳು ಷೇರುಪೇಟೆಗೆ ಬಂದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಶ್ವಾರ್ಟ್ಸ್ ಸಮೂಹದ ಬಂಡವಾಳದ ಬಹುತೇಕ ಪೂರ್ತಿ ಪಾಲು ಒಂದು ದತ್ತಿ ಪ್ರತಿಷ್ಠಾನದ ಹೆಸರಿನಲ್ಲಿದೆ, ಮತಾಧಿಕಾರ ಬೇರೊಂದು ಸಂಸ್ಥೆಯಲ್ಲಿದೆ. ಪ್ರತಿ ಮೂರು ತಿಂಗಳಿಗೊಮ್ಮೆ ಹೂಡಿಕೆದಾರರಿಗೆ ಲಾಭ ತೋರಿಸಬೇಕಾದ ಒತ್ತಡವಿಲ್ಲದೆ, ಗಳಿಸಿದ್ದನ್ನು ಮತ್ತೆ ಮಳಿಗೆ, ಗೋದಾಮುಗಳಿಗೇ ಸುರಿಯಲು ಅವಕಾಶವಾಯಿತು. ಈಗ ಈ ಸಮೂಹಕ್ಕೆ ತನ್ನದೇ ಆದ ಆಹಾರ ಕಾರ್ಖಾನೆಗಳಿವೆ, ತ್ಯಾಜ್ಯ ಮರುಬಳಕೆಯ ಕಂಪನಿಯಿದೆ, ಕ್ಲೌಡ್ ಕಂಪ್ಯೂಟಿಂಗ್ ಸೇವೆಯೂ ಇದೆ.

ಜಗತ್ತಿನ ಮೊದಲ ಸ್ಥಾನದ ಕಂಪನಿ ಇವರನ್ನು ಇವರ ನೆಲದಲ್ಲಿ ಎದುರಿಸಿದಾಗ ಏನಾಯಿತು ಎಂಬುದು ಬಹಳ ಕಲಿಸುವ ಪ್ರಸಂಗ. 1997 ಮತ್ತು 1998ರಲ್ಲಿ ಎರಡು ಸ್ಥಳೀಯ ಸರಪಳಿಗಳನ್ನು ಕೊಂಡು ವಾಲ್‌ಮಾರ್ಟ್ ಜರ್ಮನಿಗೆ ಬಂತು. ಕಡಿಮೆ ಬೆಲೆಯೇ ಅದರ ಅಸ್ತ್ರ, ಆದರೆ ಆ ಅಸ್ತ್ರ ಅಲ್ಲಿ ಆಗಲೇ ಎಲ್ಲರ ಕೈಯಲ್ಲಿತ್ತು. ಸುಮಾರು ನೂರು ಮಳಿಗೆಗಳ ವಾಲ್‌ಮಾರ್ಟ್‌ಗೆ, ಸಾವಿರಾರು ಮಳಿಗೆಗಳಿದ್ದ ಆಲ್ಡಿಯಷ್ಟು ಅಗ್ಗವಾಗಿ ಜರ್ಮನ್ ಪೂರೈಕೆದಾರರಿಂದ ಕೊಳ್ಳಲಾಗಲಿಲ್ಲ. ಬೆಲೆ ಸಮರ ಎಷ್ಟು ತೀವ್ರವಾಯಿತೆಂದರೆ, 2000ದಲ್ಲಿ ಜರ್ಮನಿಯ ಸ್ಪರ್ಧಾ ನಿಯಂತ್ರಣ ಸಂಸ್ಥೆಯು ಹಾಲು, ಸಕ್ಕರೆ, ಹಿಟ್ಟುಗಳಂಥ ಪದಾರ್ಥಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬಾರದೆಂದು ವಾಲ್‌ಮಾರ್ಟ್, ಆಲ್ಡಿಯ ಉತ್ತರ ಶಾಖೆ ಹಾಗೂ ಲಿಡ್ಲ್ ಮೂವರಿಗೂ ಆದೇಶಿಸಬೇಕಾಯಿತು. 2006ರಲ್ಲಿ ವಾಲ್‌ಮಾರ್ಟ್ ತನ್ನ 85 ಮಳಿಗೆಗಳನ್ನು ಮೆಟ್ರೊ ಸಮೂಹಕ್ಕೆ ಒಪ್ಪಿಸಿ ಹೊರನಡೆಯಿತು. ಬಾಗಿಲಲ್ಲಿ ನಿಂತು ನಗುತ್ತಾ ಸ್ವಾಗತಿಸುವ ಅಮೆರಿಕನ್ ಪದ್ಧತಿ ಜರ್ಮನ್ನರಿಗೆ ಹಿಡಿಸಲಿಲ್ಲ ಎಂಬ ಕಾರಣವನ್ನು ಪಠ್ಯಪುಸ್ತಕಗಳು ಮುಂದಿಡುತ್ತವೆ. ಅದು ನಿಜವಿದ್ದರೂ ಅಷ್ಟು ದೊಡ್ಡ ಸೋಲಿಗೆ ಅದೊಂದೇ ಸಾಲದು. ಸೋಲಿಸಿದ್ದು ಮಳಿಗೆಗಳ ವಿರಳತೆ.

ಇನ್ನು ಫ್ರಾನ್ಸಿನ ಕಡೆಗೆ ಬರೋಣ. ಕಾರ್ಫೂರ್ 1963ರಲ್ಲಿ ಪ್ಯಾರಿಸ್ ಬಳಿಯ ಸ್ಯಾಂತ್-ಜೆನೆವಿಯೆವ್-ದೆ-ಬುವಾ ಎಂಬಲ್ಲಿ 2,500 ಚದರ ಮೀಟರಿನ ಮಳಿಗೆಯನ್ನು, ನೂರಾರು ಕಾರುಗಳಿಗೆ ನಿಲುಗಡೆಯ ಸಮೇತ ತೆರೆಯಿತು. ದಿನಸಿಯಿಂದ ಬಟ್ಟೆಯವರೆಗೆ ಎಲ್ಲವೂ ಒಂದೇ ಸೂರಿನಡಿ ದೊರೆಯುವ ಹೈಪರ್‌ಮಾರ್ಕೆಟ್ ಫ್ರಾನ್ಸಿನಲ್ಲಿ ಬೇರೂರಿದ್ದು ಅಲ್ಲಿಂದ. ಸಣ್ಣ ಅಂಗಡಿಕಾರರ ಪ್ರತಿಭಟನೆ ಬಲವಾದಾಗ, 1973ರಲ್ಲಿ ಫ್ರೆಂಚ್ ಸರ್ಕಾರ ರ್ವಾಯೆ ಕಾನೂನನ್ನು ತಂದು, ನಿಗದಿತ ವಿಸ್ತೀರ್ಣ ಮೀರಿದ ಮಳಿಗೆಗಳಿಗೆ ಸ್ಥಳೀಯ ಆಯೋಗದ ಅನುಮತಿಯನ್ನು ಕಡ್ಡಾಯಗೊಳಿಸಿತು. ಮನೆಯಲ್ಲಿ ಜಾಗ ಸಿಗದಂತಾದಾಗ ಕಾರ್ಫೂರ್ ಹೊರಗೆ ನಡೆಯಿತು: ಅದೇ ವರ್ಷ ಸ್ಪೇನ್, 1975ರಲ್ಲಿ ಬ್ರೆಜಿಲ್, 1982ರಲ್ಲಿ ಅರ್ಜೆಂಟೀನಾ, 1989ರಲ್ಲಿ ತೈವಾನ್, 1995ರಲ್ಲಿ ಚೀನಾ. ಪ್ರೊಮೊಡೆಸ್ ಎಂಬ ಇನ್ನೊಂದು ಫ್ರೆಂಚ್ ಸಂಸ್ಥೆಯೊಂದಿಗೆ ಸೇರಿದ ಮೇಲೆ, ಹೊಸ ಶತಮಾನದ ಹೊಸ್ತಿಲಲ್ಲಿ ಅದು ವಾಲ್‌ಮಾರ್ಟ್‌ನ ನಂತರ ಜಗತ್ತಿನ ಎರಡನೆಯ ಸ್ಥಾನಕ್ಕೆ ಏರಿತು. ಯುರೋಪಿನ ಸಂಸ್ಥೆಯೊಂದು ಜಾಗತಿಕ ಎಂಬ ಮಾತಿಗೆ ಅಷ್ಟು ಹತ್ತಿರ ಬಂದದ್ದು ಆಗ.

ಆದರೆ ಹಲವು ದೇಶಗಳಲ್ಲಿ ಅದಕ್ಕೆ ಇದ್ದದ್ದು ಬೆರಳೆಣಿಕೆಯ ಮಳಿಗೆಗಳು. ದಕ್ಷಿಣ ಕೊರಿಯಾವನ್ನು 2006ರಲ್ಲಿ, ಥಾಯ್ಲೆಂಡನ್ನು 2010ರಲ್ಲಿ, ಮಲೇಷ್ಯಾ ಮತ್ತು ಸಿಂಗಪುರಗಳನ್ನು 2012ರಲ್ಲಿ ಅದು ಬಿಟ್ಟಿತು. 2019ರಲ್ಲಿ ಚೀನಾದ ವ್ಯವಹಾರದ ಶೇ 80ರಷ್ಟು ಪಾಲನ್ನು ಕೇವಲ 62 ಕೋಟಿ ಯೂರೊಗೆ ಸುನಿಂಗ್ ಕಂಪನಿಗೆ ಮಾರಿತು. ನೂರಾರು ಮಳಿಗೆಗಳ ವ್ಯವಹಾರಕ್ಕೆ ಇಷ್ಟು ಕಡಿಮೆ ಬೆಲೆ ಬಂತೆಂದರೆ, ಅಂತರ್ಜಾಲದ ವ್ಯಾಪಾರವು ಅಲ್ಲಿ ಹೈಪರ್‌ಮಾರ್ಕೆಟ್‌ಗಳಿಗೆ ಎಂಥ ಏಟು ಕೊಟ್ಟಿತ್ತು ಎಂಬುದನ್ನು ಊಹಿಸಬಹುದು. ಅತ್ತ ಬ್ರೆಜಿಲ್‌ನಲ್ಲಿ, ಅರ್ಧ ಶತಮಾನದಿಂದ ದಟ್ಟವಾಗಿ ಬೆಳೆದುಬಂದ ಕಡೆ, ಅತಕಡಾಂವ್ ಎಂಬ ಸಗಟು-ಚಿಲ್ಲರೆ ಸರಪಳಿಯ ಬಲದಿಂದ ಅದು ಇಂದಿಗೂ ಆ ದೇಶದ ಅಗ್ರ ಆಹಾರ ಮಾರಾಟಗಾರ. ಒಂದೇ ಕಂಪನಿ, ಒಂದೇ ಆಡಳಿತ ಮಂಡಳಿ. ಫಲಿತಾಂಶ ಮಾತ್ರ ಎರಡು ಬಗೆ.

ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಗೆ ಕಾರ್ಫೂರ್ ಮನೆಮಾತು. ಅವರು ದುಬೈಯಲ್ಲಿ ಅಕ್ಕಿ-ಬೇಳೆ ಕೊಳ್ಳುವ ಆ ಮಳಿಗೆಯ ಬೋರ್ಡು ಮಾತ್ರ ಫ್ರಾನ್ಸಿನದು, ಬಂಡವಾಳ ಮಾಜಿದ್ ಅಲ್ ಫುತ್ತೈಮ್ ಎಂಬ ಅಲ್ಲಿನ ಸಮೂಹದ್ದು. 1995ರಿಂದ ಫ್ರಾಂಚೈಸಿ ಒಪ್ಪಂದದ ಮೇಲೆ ಅದು ನಡೆಯುತ್ತಿದೆ. 2024ರ ಕೊನೆಯಲ್ಲಿ ಜೋರ್ಡಾನಿನಲ್ಲೂ 2025ರಲ್ಲಿ ಒಮಾನ್, ಬಹರೇನ್‌ಗಳಲ್ಲೂ ಅದೇ ಸಮೂಹ ಕಾರ್ಫೂರ್ ಬೋರ್ಡನ್ನು ಇಳಿಸಿ ಹೈಪರ್‌ಮ್ಯಾಕ್ಸ್ ಎಂಬ ತನ್ನದೇ ಹೆಸರನ್ನು ಏರಿಸಿತು. ಫ್ರಾಂಚೈಸಿಯ ಮೂಲಕ ಗಳಿಸಿದ ಜಾಗತಿಕ ಸ್ಥಾನ ಎಷ್ಟರ ಮಟ್ಟಿಗೆ ಇನ್ನೊಬ್ಬರ ಕೈಯಲ್ಲಿರುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಕಾಣದು.

ಇಷ್ಟಾದರೂ ಕಾರ್ಫೂರ್ ದುರ್ಬಲವಾಗಿದೆ ಎಂದು ಭಾವಿಸಬಾರದು. ಜನವರಿ 2024ರಲ್ಲಿ ಅದು ಫ್ರಾನ್ಸ್, ಇಟಲಿ, ಸ್ಪೇನ್ ಮತ್ತು ಬೆಲ್ಜಿಯಂಗಳಲ್ಲಿ ಪೆಪ್ಸಿಕೊ ಕಂಪನಿಯ ಸರಕುಗಳನ್ನು ಮಾರುವುದನ್ನೇ ನಿಲ್ಲಿಸಿತು. ಬೆಲೆ ಏರಿಕೆಯನ್ನು ಒಪ್ಪಲಾಗದ ಕಾರಣ ಈ ಬ್ರಾಂಡನ್ನು ಮಾರುತ್ತಿಲ್ಲ ಎಂಬ ಒಕ್ಕಣೆಯ ಚೀಟಿಗಳನ್ನು ಕಪಾಟುಗಳ ಮೇಲೆ ಅಂಟಿಸಿದರು. ಕೆಲವು ತಿಂಗಳ ಮೇಲೆ ರಾಜಿಯಾಗಿ ಸರಕು ಮರಳಿತು. ಪೆಪ್ಸಿಕೊದಂಥ ಕಂಪನಿಯೊಡನೆ ಹೀಗೆ ಹಗ್ಗಜಗ್ಗಾಟಕ್ಕೆ ನಿಲ್ಲುವ ತ್ರಾಣ ಇದ್ದದ್ದು ಯುರೋಪಿನ ಮಳಿಗೆಗಳ ದಟ್ಟಣೆಯಿಂದ. ಈ ಸಂಸ್ಥೆಯನ್ನು ಫ್ರೆಂಚರು ಎಷ್ಟು ತಮ್ಮದೆಂದು ಭಾವಿಸುತ್ತಾರೆ ಎಂಬುದಕ್ಕೆ 2021ರ ಘಟನೆಯೊಂದು ಸಾಕು. ಕೆನಡಾದ ಕೂಷ್-ಟಾರ್ ಕಂಪನಿ ಸುಮಾರು 1,620 ಕೋಟಿ ಯೂರೊಗೆ ಕಾರ್ಫೂರನ್ನು ಕೊಳ್ಳಲು ಮುಂದಾದಾಗ, ದೇಶದ ಆಹಾರ ಭದ್ರತೆಯ ಪ್ರಶ್ನೆಯನ್ನೆತ್ತಿ ಫ್ರೆಂಚ್ ಸರ್ಕಾರ ಅದನ್ನು ತಡೆಯಿತು.

ಟೆಸ್ಕೊದ ಕಥೆಯೂ ಇದೇ ಜಾಡಿನದು, ಆದರೆ ಏರಿಳಿತ ಇನ್ನೂ ಕಡಿದಾದದ್ದು. 1919ರಲ್ಲಿ ಪೂರ್ವ ಲಂಡನ್ನಿನ ಸಂತೆಯಲ್ಲಿ ಜಾಕ್ ಕೋಹೆನ್ ಎಂಬವರು ಹೂಡಿದ ಅಂಗಡಿಯಿಂದ ಬೆಳೆದ ಈ ಕಂಪನಿ 2000ದ ದಶಕದಲ್ಲಿ ವಾಲ್‌ಮಾರ್ಟ್, ಕಾರ್ಫೂರ್‌ಗಳ ಬೆನ್ನ ಹಿಂದೆ ಜಗತ್ತಿನ ಮೂರನೆಯ ಸ್ಥಾನದಲ್ಲಿತ್ತು. 2007ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಫ್ರೆಶ್ ಆ್ಯಂಡ್ ಈಸಿ ಎಂಬ ಹೊಸ ಹೆಸರಿನ ಸಣ್ಣ ಮಳಿಗೆಗಳನ್ನು ತೆರೆಯಿತು. ಸುಮಾರು 200 ಮಳಿಗೆಗಳಾದ ಮೇಲೂ ಲಾಭದ ಮುಖ ಕಾಣದೆ 2013ರಲ್ಲಿ ಕೈಬಿಟ್ಟಿತು. 2014ರಲ್ಲಿ ಲಾಭವನ್ನು 26.3 ಕೋಟಿ ಪೌಂಡ್‌ಗಳಷ್ಟು ಹೆಚ್ಚಾಗಿ ತೋರಿಸಲಾಗಿತ್ತೆಂಬ ಲೆಕ್ಕಪತ್ರದ ಹಗರಣ ಬಯಲಾಯಿತು. ಅಲ್ಲಿಂದಾಚೆಗೆ 2015ರಲ್ಲಿ ದಕ್ಷಿಣ ಕೊರಿಯಾ, 2020ರಲ್ಲಿ ಥಾಯ್ಲೆಂಡ್ ಮತ್ತು ಮಲೇಷ್ಯಾಗಳ ವ್ಯವಹಾರವನ್ನು ಮಾರಿತು. ಈ ಕೊನೆಯ ಮಾರಾಟದಿಂದ 1,060 ಕೋಟಿ ಡಾಲರ್ ಬಂತು. ಇವು ನಷ್ಟದ ಅಂಗಡಿಗಳೇನೂ ಆಗಿರಲಿಲ್ಲ. ಮನೆಯಲ್ಲಿ ಆಲ್ಡಿ ಮತ್ತು ಲಿಡ್ಲ್ ಬ್ರಿಟಿಷ್ ಗ್ರಾಹಕರನ್ನು ಸೆಳೆಯುತ್ತಿದ್ದಾಗ, ಬೇರು ಉಳಿಸಿಕೊಳ್ಳಲು ರೆಂಬೆಗಳನ್ನು ಕಡಿದಂತೆ ಆ ನಿರ್ಧಾರವಿತ್ತು. ಈಗ ಬ್ರಿಟನ್ನಿನ ದಿನಸಿ ಮಾರುಕಟ್ಟೆಯ ಕಾಲು ಭಾಗಕ್ಕೂ ಹೆಚ್ಚು ಪಾಲು ಟೆಸ್ಕೊದ್ದು, ಎರಡನೆಯ ಸ್ಥಾನದವರಿಗೂ ಅದಕ್ಕೂ ಬಹಳ ಅಂತರವಿದೆ.

ಹೊರದೇಶದಲ್ಲಿ ಗೆದ್ದವರು ಇಲ್ಲವೆಂದಲ್ಲ. ಅಹೋಲ್ಡ್ ಡೆಲೇಝ್‌ನ ಅರ್ಧಕ್ಕಿಂತ ಹೆಚ್ಚು ಮಾರಾಟ ನಡೆಯುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ, ಸ್ಟಾಪ್ ಆ್ಯಂಡ್ ಶಾಪ್, ಫುಡ್ ಲಯನ್, ಹ್ಯಾನಾಫರ್ಡ್ ಮುಂತಾದ ಹೆಸರುಗಳಲ್ಲಿ. ತಮ್ಮ ಹೆಸರನ್ನು ಅಲ್ಲಿಗೆ ಒಯ್ಯದೆ, ಆಗಲೇ ಬೇರೂರಿದ್ದ ಪ್ರಾದೇಶಿಕ ಸರಪಳಿಗಳನ್ನು ಕೊಂಡು ಅವುಗಳ ಬೋರ್ಡುಗಳನ್ನು ಹಾಗೆಯೇ ಉಳಿಸಿದ್ದರಿಂದ ಮೊದಲ ದಿನದಿಂದಲೇ ದಟ್ಟಣೆ ಸಿಕ್ಕಿತು. ಪೋರ್ಚುಗಲ್ಲಿನ ಜೆರೋನಿಮೊ ಮಾರ್ಟಿನ್ಸ್ ಸಂಸ್ಥೆಯ ಬಹುಪಾಲು ಆದಾಯ ಪೋಲೆಂಡಿನ ಬಿಯೆದ್ರೊಂಕಾ ಸರಪಳಿಯಿಂದ ಬರುತ್ತದೆ. ಅಲ್ಲಿ ಸಣ್ಣ ಪಟ್ಟಣಗಳಲ್ಲೂ ಅದರ ಮಳಿಗೆ ಇದೆ. ಇನ್ನೊಂದು ತುದಿಯಲ್ಲಿ ಸ್ಪೇನಿನ ಮೆರ್ಕಡೋನಾ 2019ರಲ್ಲಿ ಪೋರ್ಚುಗಲ್ಲಿಗೆ ಕಾಲಿಡುವವರೆಗೆ ದೇಶದ ಗಡಿಯನ್ನೇ ದಾಟಿರಲಿಲ್ಲ, ಆದರೂ ಯುರೋಪಿನ ಮುಂಚೂಣಿ ಸಂಸ್ಥೆಗಳಲ್ಲಿ ಒಂದಾಗಿದೆ.

ಆಹಾರವನ್ನು ಬಿಟ್ಟು ಪೀಠೋಪಕರಣ, ಬಟ್ಟೆಗಳಿಗೆ ಬಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಐಕಿಯಾ 2024ರ ಆರ್ಥಿಕ ವರ್ಷದಲ್ಲಿ 4,510 ಕೋಟಿ ಯೂರೊ, ಜಾರಾ ಬ್ರಾಂಡಿನ ಒಡೆಯ ಸ್ಪೇನಿನ ಇಂಡಿಟೆಕ್ಸ್ 3,860 ಕೋಟಿ ಯೂರೊ ಮಾರಾಟ ಮಾಡಿದವು. ಒಟ್ಟು ವಹಿವಾಟಿನಲ್ಲಿ ಇವು ಶ್ವಾರ್ಟ್ಸ್‌ಗಿಂತ ಬಹಳ ಸಣ್ಣವು, ಆದರೆ ತಮ್ಮ ತಮ್ಮ ವಿಭಾಗದಲ್ಲಿ ಜಗತ್ತಿನ ಅಗ್ರಗಣ್ಯರು. ಹಾಲು, ತರಕಾರಿ, ಬ್ರೆಡ್ಡುಗಳ ರುಚಿ ಊರಿನಿಂದ ಊರಿಗೆ ಬದಲಾಗುತ್ತದೆ, ಅವು ಕೆಡುತ್ತವೆ, ಅವುಗಳಿಗೆ ಹತ್ತಿರದ ಗೋದಾಮು ಬೇಕು. ಬಿಡಿಭಾಗಗಳಾಗಿ ಚಪ್ಪಟೆ ಪೆಟ್ಟಿಗೆಯಲ್ಲಿ ಕಟ್ಟಿದ ಪುಸ್ತಕದ ಕಪಾಟು ಮಾತ್ರ ಸ್ವೀಡನ್ನಿನಲ್ಲೂ ಬೆಂಗಳೂರಿನ ನಾಗಸಂದ್ರದಲ್ಲೂ ಒಂದೇ. ಯುರೋಪಿನ ನಿಜವಾದ ಜಾಗತಿಕ ಸರಪಳಿಗಳನ್ನು ನೀವು ಹುಡುಕಬೇಕಾದದ್ದು ಈ ವಿಭಾಗದಲ್ಲಿ.

ಭಾರತದ ಅನುಭವವೂ ಹೀಗೆಯೇ ಇದೆ. ಮೆಟ್ರೊ ಕ್ಯಾಶ್ ಆ್ಯಂಡ್ ಕ್ಯಾರಿ 2003ರಲ್ಲಿ ಬೆಂಗಳೂರಿನ ಯಶವಂತಪುರದಿಂದ ಭಾರತದ ಪಯಣವನ್ನು ಆರಂಭಿಸಿತು. ವಿದೇಶಿ ಬಂಡವಾಳಕ್ಕೆ ಸಗಟು ವ್ಯಾಪಾರದಲ್ಲಿ ಮಾತ್ರ ಪೂರ್ಣ ಅನುಮತಿ ಇದ್ದುದರಿಂದ, ಕಿರಾಣಿ ಅಂಗಡಿ, ಹೋಟೆಲು, ಕಚೇರಿಗಳಂಥ ನೋಂದಾಯಿತ ವ್ಯವಹಾರಸ್ಥರಿಗಷ್ಟೇ ಸದಸ್ಯತ್ವದ ಕಾರ್ಡು ಸಿಗುತ್ತಿತ್ತು. ಎಪಿಎಂಸಿ ಕಾಯ್ದೆಯ ಕಾರಣ ಆರಂಭದ ವರ್ಷಗಳಲ್ಲಿ ಹಣ್ಣು-ತರಕಾರಿ ಮಾರಾಟಕ್ಕೂ ತೊಡಕಾಯಿತು. ಎರಡು ದಶಕಗಳಲ್ಲಿ ತಲುಪಿದ್ದು 31 ಮಳಿಗೆ. ನಮ್ಮಷ್ಟು ವಿಶಾಲವಾದ ದೇಶದಲ್ಲಿ ಅದು ದಟ್ಟಣೆ ಎನಿಸಿಕೊಳ್ಳುವುದಿಲ್ಲ. 2023ರಲ್ಲಿ ರಿಲಯನ್ಸ್ ರಿಟೇಲ್ 2,850 ಕೋಟಿ ರೂಪಾಯಿಗೆ ಅದನ್ನು ಕೊಂಡಿತು. 2010ರಲ್ಲಿ ಬಂದ ಕಾರ್ಫೂರ್ ಐದು ಸಗಟು ಮಳಿಗೆಗಳನ್ನಷ್ಟೇ ತೆರೆದು ನಾಲ್ಕು ವರ್ಷಗಳಲ್ಲಿ ಮುಚ್ಚಿತು. ಬಹು ಬ್ರಾಂಡ್ ಚಿಲ್ಲರೆ ವ್ಯಾಪಾರಕ್ಕೆ 2012ರಲ್ಲಿ ಶೇ 51ರ ಮಿತಿಯಲ್ಲಿ ಅವಕಾಶ ತೆರೆದರೂ ರಾಜ್ಯ ಸರ್ಕಾರದ ಒಪ್ಪಿಗೆ, ಕನಿಷ್ಠ 10 ಕೋಟಿ ಡಾಲರ್ ಹೂಡಿಕೆ, ಶೇ 30ರಷ್ಟು ಖರೀದಿ ಸಣ್ಣ ಉದ್ದಿಮೆಗಳಿಂದಲೇ ಆಗಬೇಕೆಂಬ ಷರತ್ತುಗಳಿದ್ದವು. ಆ ದಾರಿಯಲ್ಲಿ ಬಂದದ್ದು ಟೆಸ್ಕೊ, ಟಾಟಾ ಸಮೂಹದ ಸ್ಟಾರ್ ಬಜಾರಿನಲ್ಲಿ ಅರ್ಧ ಪಾಲು ಪಡೆದು. ಸಣ್ಣ ವರ್ತಕರ ರಕ್ಷಣೆಗೆಂದು ಮಾಡಿದ ಈ ನಿಯಮಗಳನ್ನು ನಾನು ತಪ್ಪೆನ್ನಲಾರೆ, ಫ್ರಾನ್ಸ್ ಕೂಡ 1973ರಲ್ಲಿ ಅದನ್ನೇ ಮಾಡಿತ್ತು. ಆದರೆ ಇಂಥ ನಿಯಮಗಳಡಿ ದಟ್ಟವಾದ ಜಾಲ ಕಟ್ಟುವುದು ಹೊರಗಿನವರಿಗೆ ಬಹಳ ಕಷ್ಟ.

ಸ್ವಂತ ಬ್ರಾಂಡನ್ನಷ್ಟೇ ಮಾರುವವರಿಗೆ ಪೂರ್ಣ ಒಡೆತನದ ಅವಕಾಶವಿದ್ದುದರಿಂದ ಅವರು ನೆಲೆಯೂರಿದರು. ಫ್ರಾನ್ಸಿನ ಡೆಕಾಥ್ಲಾನ್ 2009ರಲ್ಲಿ ಬೆಂಗಳೂರಿನಿಂದ ಆರಂಭಿಸಿ ಇಂದು ದೇಶದಲ್ಲಿ ನೂರಕ್ಕೂ ಹೆಚ್ಚು ಮಳಿಗೆಗಳನ್ನು ನಡೆಸುತ್ತಿದೆ. ಐಕಿಯಾ ಹೈದರಾಬಾದ್ ಮತ್ತು ನವಿ ಮುಂಬೈಗಳ ನಂತರ ಜೂನ್ 2022ರಲ್ಲಿ ನಾಗಸಂದ್ರದ ಮೆಟ್ರೊ ರೈಲು ನಿಲ್ದಾಣದ ಪಕ್ಕದಲ್ಲೇ 4.6 ಲಕ್ಷ ಚದರ ಅಡಿಯ ಮಳಿಗೆ ತೆರೆಯಿತು. ಇನ್ನು ಬ್ರಿಟನ್ನಿನ ಟೆಸ್ಕೊ ಮಳಿಗೆಗಳ ತಂತ್ರಾಂಶ, ಲೆಕ್ಕಪತ್ರ, ವಿಶ್ಲೇಷಣೆಯ ಕೆಲಸದ ದೊಡ್ಡ ಪಾಲು 2004ರಿಂದ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಕಚೇರಿಯಲ್ಲಿ ನಡೆಯುತ್ತಿದೆ. ನಿಮ್ಮ ಅಧ್ಯಯನಕ್ಕೆ ಈ ಕೊಂಡಿ ಉಪಯುಕ್ತವಾಗಬಹುದು.

ಹಾಗಾಗಿ ಕುಗ್ಗುತ್ತಿವೆಯೇ ಎಂಬ ನಿಮ್ಮ ಪ್ರಶ್ನೆಗೆ, ಹರಡಿಕೊಂಡಿದ್ದವರು ಬಲವಿದ್ದ ಕಡೆಗೆ ಒಗ್ಗೂಡಿದ್ದಾರೆ, ಒಗ್ಗೂಡಿಯೇ ಬೆಳೆದವರು ಈಗ ನಿಧಾನವಾಗಿ ಹರಡುತ್ತಿದ್ದಾರೆ ಎಂದು ಉತ್ತರಿಸುತ್ತೇನೆ. ಮುಂದಿನ ವರ್ಷಗಳಲ್ಲಿ ನೀವು ಗಮನಿಸಬೇಕಾದ ನೆಲ ಅಮೆರಿಕ. ಆಲ್ಡಿಯ ದಕ್ಷಿಣ ಶಾಖೆ 1976ರಲ್ಲಿ ಅಯೋವಾ ರಾಜ್ಯದಲ್ಲಿ ಮೊದಲ ಮಳಿಗೆಯನ್ನು ತೆರೆದು, ದಶಕಗಳ ಕಾಲ ಮಧ್ಯ ಪ್ರಾಂತ್ಯಗಳಲ್ಲಿ ಒಂದೊಂದೇ ಮಳಿಗೆ ಸೇರಿಸುತ್ತಾ ಬಂದು, ಈಗ 2,400 ದಾಟಿದೆ. 2028ರೊಳಗೆ ಇನ್ನೂ 800 ಸೇರಿಸುವುದಾಗಿ 2024ರಲ್ಲಿ ಪ್ರಕಟಿಸಿದೆ. ಉತ್ತರ ಶಾಖೆಯ ಕುಟುಂಬ 1979ರಲ್ಲಿ ಕೊಂಡ ಟ್ರೇಡರ್ ಜೋಸ್ ಸರಪಳಿ ತನ್ನದೇ ಹೆಸರಿನಲ್ಲಿ ಜನಪ್ರಿಯವಾಗಿದೆ. 2017ರಲ್ಲಿ ವರ್ಜೀನಿಯಾ ಮತ್ತು ಕೆರೊಲಿನಾ ರಾಜ್ಯಗಳಿಂದ ಆರಂಭಿಸಿದ ಲಿಡ್ಲ್ ಮಾತ್ರ ಇನ್ನೂ 200ರ ಒಳಗೇ ಇದೆ. ಶ್ವಾರ್ಟ್ಸ್ ಸಮೂಹ ಕಾಸ್ಟ್‌ಕೊವನ್ನು ಸಮೀಪಿಸಬೇಕಾದರೆ, ಯುರೋಪಿನಲ್ಲಿ ಮಳಿಗೆ ತೆರೆಯಲು ಉಳಿದಿರುವ ಜಾಗ ಸಾಲದು. ಅಮೆರಿಕದ ಪೂರ್ವ ಕರಾವಳಿಯ ಆ ಲಿಡ್ಲ್ ಮಳಿಗೆಗಳ ಸಂಖ್ಯೆ ಏರುತ್ತದೆಯೋ ಅಥವಾ ಅವನ್ನೂ ಯಾರಿಗಾದರೂ ಮಾರುತ್ತಾರೆಯೋ ಎಂಬುದನ್ನು ನಾನೂ ಪ್ರತಿ ವರ್ಷದ ವರದಿಯಲ್ಲಿ ಮೊದಲು ಹುಡುಕುತ್ತೇನೆ.